ಏಳು ಲಕ್ಷದೊಳಗೆ ಹಳೆಯ ಫೋರ್ ವೀಲ್ ಡ್ರೈವ್: ನಮ್ಮ ದುರ್ಗ–ದಾವಣಗೆರೆಯ ನೆಲಕ್ಕೆ ಯಾವುದು ಸರಿ?

ದಾವಣಗೆರೆಯ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ವಿದ್ಯಾನಗರದಲ್ಲಿ ವಾಸವಾಗಿರುವ ಪ್ರೌಢಶಾಲಾ ಶಿಕ್ಷಕ. ದಿನಬಳಕೆಗೆ ಮನೆಯಲ್ಲಿ ಒಂದು ಸಣ್ಣ ಕಾರಿದೆ, ಅದು ಇದ್ದೇ ಇರುತ್ತದೆ. ಭಾನುವಾರಗಳಂದು ಮಡದಿ ಮತ್ತು ಇಬ್ಬರು ಮಕ್ಕಳನ್ನು ಕರೆದುಕೊಂಡು ಡಾಂಬರು ಮುಗಿಯುವಲ್ಲಿಂದ ಮುಂದಕ್ಕೂ ಒಂದಿಷ್ಟು ದೂರ ಹೋಗಿಬರಬೇಕೆಂಬುದು ನನ್ನ ಆಸೆ. ಸೂಳೆಕೆರೆಯ ಸುತ್ತಲಿನ ಗುಡ್ಡಗಳ ಬಂಡಿದಾರಿ, ವಾಣಿ ವಿಲಾಸ ಸಾಗರದ ಹಿನ್ನೀರಿನ ಅಂಚು, ಮೊಳಕಾಲ್ಮುರಿನ ಕಡೆಯ ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟದ ಬುಡ, ಇಷ್ಟೇ ನನ್ನ ಲೋಕ. ಕಳೆದ ವರ್ಷ ಈ ಆಸೆಯನ್ನು ಸಣ್ಣ ಕಾರಿನಲ್ಲೇ ತೀರಿಸಿಕೊಳ್ಳಲು ಹೋಗಿ, ಕಲ್ಲೊಂದಕ್ಕೆ ಅಡಿ ಬಡಿದು, ಆಯಿಲ್ ಚೇಂಬರ್ ಒಡೆದು, ಸಂಜೆ ಏಳರವರೆಗೆ ಮಕ್ಕಳೊಂದಿಗೆ ಜೋಳದ ಹೊಲದ ಪಕ್ಕ ಕುಳಿತಿದ್ದೆವು. ಅಂದಿನಿಂದ ನಮ್ಮ ಮನೆಯಲ್ಲಿ ‘ಗುಡ್ಡ’ ಎಂಬ ಪದವನ್ನು ಯಾರೂ ಗಟ್ಟಿಯಾಗಿ ಆಡುವಂತಿಲ್ಲ.

ಅದಕ್ಕಾಗಿ ಹಳೆಯ ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿಯೊಂದನ್ನು ಕೊಳ್ಳಬೇಕೆಂದಿದ್ದೇನೆ. ರಿಪೇರಿ, ಟೈರು, ಕಾಗದಪತ್ರಗಳ ಖರ್ಚೂ ಸೇರಿ ನನ್ನ ಕೈಯಲ್ಲಿರುವುದು ₹7 ಲಕ್ಷ. ಜಿಪ್ಸಿ, ಥಾರ್, ಸ್ಕಾರ್ಪಿಯೊ, ಸಫಾರಿ, ಡಸ್ಟರ್ ಎಂದು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಅನುಭವಸ್ಥರು ದಾರಿ ತೋರಿಸಬೇಕಾಗಿ ವಿನಂತಿ.

ಚಿತ್ರದುರ್ಗದ ಜಿಪ್ಸಿಯವರು

ಮೇಷ್ಟ್ರೇ, ಹದಿನೈದು ವರ್ಷಗಳಿಂದ ನನ್ನಲ್ಲಿ ಜಿಪ್ಸಿಯೇ ಇರುವುದರಿಂದ ನಾನು ಪಕ್ಷಪಾತಿ ಎಂಬುದನ್ನು ಮೊದಲೇ ಒಪ್ಪಿಕೊಂಡು ಬರೆಯುತ್ತಿದ್ದೇನೆ. ಮಾರುತಿ ಜಿಪ್ಸಿ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 1985ರ ಕೊನೆಯಲ್ಲಿ, ಒಂದು ಲೀಟರಿನ ಪುಟ್ಟ ಪೆಟ್ರೋಲ್ ಎಂಜಿನ್ನಿನೊಂದಿಗೆ. ತಾವು ಹುಡುಕಬೇಕಾದದ್ದು ಅದನ್ನಲ್ಲ, ಆಮೇಲೆ ಬಂದ 1.3 ಲೀಟರಿನ ‘ಕಿಂಗ್’ ಅನ್ನು. ಅದರಲ್ಲೂ 2000ದ ನಂತರದ, ಕಾರ್ಬ್ಯುರೇಟರ್ ಇಲ್ಲದ, ಸುಮಾರು 80 ಅಶ್ವಶಕ್ತಿಯ ಗಾಡಿಯನ್ನು. ಅದರ ದೊಡ್ಡ ಗುಣ ಎಂಜಿನ್ನಿನಲ್ಲಿಲ್ಲ, ತೂಕದಲ್ಲಿದೆ. ಇಡೀ ಗಾಡಿ ಸುಮಾರು ಒಂದು ಟನ್ನು ತೂಗುತ್ತದೆ.

ತೂಕಕ್ಕೇಕೆ ಇಷ್ಟು ಮಹತ್ವ ಎಂದು ಕೇಳಿದರೆ, ವಾಣಿ ವಿಲಾಸ ಸಾಗರದ ಹಿನ್ನೀರಿನಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನೀರು ಹಿಂದೆ ಸರಿದ ಮೇಲೆ ಅಲ್ಲಿನ ಎರೆ ಮಣ್ಣು ಒಣಗಿ, ಬಿರಿದು, ಹಪ್ಪಳದಂತೆ ಅಂಚು ಮೇಲೆದ್ದಿರುತ್ತದೆ. ಕಾಲಿಟ್ಟರೆ ಗಟ್ಟಿಯಾಗಿಯೇ ತೋರುತ್ತದೆ. ಆ ಹಪ್ಪಳದ ದಪ್ಪ ಒಂದು ಗೇಣು ಮಾತ್ರ, ಅದರ ಕೆಳಗೆ ಇರುವುದು ಅಂಟಂಟಾದ ಕೆಸರು. ನನ್ನ ಜಿಪ್ಸಿಯ ಹಿಂದೆ ಸ್ನೇಹಿತರೊಬ್ಬರ ಸುಮಾರು ಎರಡು ಟನ್ನಿನ ದೊಡ್ಡ ಗಾಡಿ ಬರುತ್ತಿತ್ತು. ನನ್ನದು ದಾಟಿದ ಜಾಗದಲ್ಲಿಯೇ ಅದರ ಮುಂದಿನ ಚಕ್ರ ಹಪ್ಪಳ ಒಡೆದು ಇಳಿಯಿತು, ಅವರು ಆಕ್ಸಿಲರೇಟರ್ ಒತ್ತಿದಷ್ಟೂ ಟೈರಿನ ಗೆರೆಗಳಲ್ಲಿ ಎರೆ ತುಂಬಿ ಟೈರು ನುಣ್ಣನೆಯ ರೊಟ್ಟಿಯಂತಾಯಿತು, ಐದೇ ನಿಮಿಷದಲ್ಲಿ ಗಾಡಿ ಹೊಟ್ಟೆಯ ಮೇಲೆ ಕುಳಿತಿತು. ಅದಕ್ಕೂ ನಾಲ್ಕು ಚಕ್ರಕ್ಕೆ ಬಲ ಇತ್ತು, ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಲೋ ಗೇರೂ ಇತ್ತು. ಕೊನೆಗೆ ಅದನ್ನು ಎಳೆದದ್ದು ಪಕ್ಕದ ಹಳ್ಳಿಯ ಟ್ರ್ಯಾಕ್ಟರ್.

ಜಿಪ್ಸಿಯ ದೋಷಗಳನ್ನೂ ಹೇಳಿಬಿಡುತ್ತೇನೆ. ಲೀಫ್ ಸ್ಪ್ರಿಂಗಿನ ಕುಲುಕಾಟಕ್ಕೆ ಸೊಂಟ ಹಿಡಿಯುತ್ತದೆ, ಎಸಿ ಇಲ್ಲ, ಪೆಟ್ರೋಲು ಕುಡಿಯುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಚಳ್ಳಕೆರೆಯ ಕಡೆ ಹೊರಟರೆ ಒಲೆಯ ಮುಂದೆ ಕುಳಿತಂತೆಯೇ ಸರಿ.

ಹೊಳಲ್ಕೆರೆಯ ತೋಟದವರು

ಜಿಪ್ಸಿಯ ಬಗ್ಗೆ ನನಗೂ ಗೌರವವಿದೆ. ಆದರೆ ಇಂದು ಮಾರಾಟಕ್ಕೆ ಬರುವ ಜಿಪ್ಸಿಗಳಲ್ಲಿ ಬಹುಪಾಲು ಮೂರು ನಾಲ್ಕು ಕೈ ದಾಟಿದವು, ಇಲ್ಲವೇ ಸೇನೆಯ ಹರಾಜಿನಲ್ಲಿ ಕೊಂಡು ಬಣ್ಣ ಬಳಿದವು. ನನ್ನ ಸಲಹೆ ಹಳೆಯ ತಲೆಮಾರಿನ ಥಾರ್, ಅಂದರೆ 2010ರಿಂದ 2020ರವರೆಗೆ ಬಂದದ್ದು. ಅದರಲ್ಲಿಯೂ ಎರಡು ಬಗೆಗಳಿವೆ ಎಂಬುದನ್ನು ಗಮನಿಸಬೇಕು. ಡಿಐ ಎಂಬುದು ಸುಮಾರು 63 ಅಶ್ವಶಕ್ತಿಯ ಹಳೆಯ ಕಾಲದ ಎಂಜಿನ್ನಿನದು; ಅದು ಎರಡು ಚಕ್ರದ ಬಲದಲ್ಲಿಯೂ ಸಿಗುತ್ತಿತ್ತು. ಸಿಆರ್‌ಡಿಇ ಎಂಬುದು 2.5 ಲೀಟರಿನ, 105 ಅಶ್ವಶಕ್ತಿಯದು. ಎಸಿ, ಪವರ್ ಸ್ಟಿಯರಿಂಗ್ ಎರಡೂ ಇವೆ. 2015ರ ಬದಲಾವಣೆಯ ನಂತರದ ಸಿಆರ್‌ಡಿಇ ಸಿಕ್ಕರೆ ಹಿಂದಿನ ಆಕ್ಸಲ್‌ಗೆ ಲಾಕ್ ಆಗುವ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳಿಗೆ ಬಲ ಹಂಚುವ ಗೇರುಗಳ ಜೋಡಣೆ) ಇರುತ್ತದೆ: ಹಿಂದಿನ ಒಂದು ಚಕ್ರ ಗಾಳಿಯಲ್ಲಿ ಗಿರ್ರೆಂದು ಸುತ್ತಲು ತೊಡಗಿದ ಕೂಡಲೇ ಅದು ತಾನಾಗಿಯೇ ಕಚ್ಚಿಕೊಂಡು ಇನ್ನೊಂದು ಚಕ್ರಕ್ಕೂ ಬಲ ಕೊಡುತ್ತದೆ. ಭೀಮಸಮುದ್ರದ ಕಡೆ ಗಣಿ ಲಾರಿಗಳು ಕೊರೆದ ಕೊರಕಲುಗಳಲ್ಲಿ ಮುಂದಿನ ಒಂದು ಬದಿಯ ಮತ್ತು ಹಿಂದಿನ ಇನ್ನೊಂದು ಬದಿಯ ಚಕ್ರಗಳು ಒಟ್ಟಿಗೆ ನೆಲ ಬಿಡುವುದುಂಟು. ಅಂಥ ಕಡೆ ಇದರ ಬೆಲೆ ತಿಳಿಯುತ್ತದೆ.

ಫೋರ್ಸ್ ಗೂರ್ಖಾ ಇದಕ್ಕಿಂತ ಗಟ್ಟಿ, ಮುಂದೆ ಹಿಂದೆ ಎರಡೂ ಕಡೆ ಲಾಕ್ ಇರುತ್ತದೆ; ಆದರೆ ನಮ್ಮ ಭಾಗದಲ್ಲಿ ಮಾರಾಟಕ್ಕೆ ಬರುವುದೇ ಅಪರೂಪ. 2023ರಲ್ಲಿ ಬಂದ ಜಿಮ್ನಿ ಮತ್ತು 2020ರ ಹೊಸ ಥಾರ್ ತಮ್ಮ ಮೊತ್ತಕ್ಕೆ ನಿಲುಕುವುದಿಲ್ಲ. ನಾಳೆ ಯಾರಾದರೂ ಹೊಸ ಥಾರನ್ನು ಅಗ್ಗಕ್ಕೆ ತೋರಿಸಿದರೆ, 2023ರ ಜನವರಿಯಿಂದ ಅದು ಹಿಂದಿನ ಎರಡು ಚಕ್ರದ ಬಲದಲ್ಲಿಯೂ ಮಾರಾಟವಾಗುತ್ತಿದೆ, ಮೇಲುನೋಟಕ್ಕೆ ಎರಡೂ ಅಣ್ಣತಮ್ಮಂದಿರಂತೆ ಇರುತ್ತವೆ ಎಂಬುದನ್ನು ಮರೆಯಬಾರದು.

ದಾವಣಗೆರೆಯ ಮೇಷ್ಟ್ರು

ಇಬ್ಬರಿಗೂ ಧನ್ಯವಾದಗಳು. ನಿನ್ನೆ ಪರಿಚಯದವರೊಬ್ಬರ ಹಳೆಯ ಥಾರ್‌ನಲ್ಲಿ ಹಿಂದೆ ಕುಳಿತು ನೋಡಿದೆ. ಅದರಲ್ಲಿ ಹಿಂದಿನ ಆಸನಗಳು ಎದುರುಬದುರಾಗಿ, ಪಕ್ಕಕ್ಕೆ ಮುಖ ಮಾಡಿವೆ. ಅಷ್ಟು ದೂರ ಹೆದ್ದಾರಿಯಲ್ಲಿ ಮಕ್ಕಳನ್ನು ಹಾಗೆ ಕೂರಿಸಿಕೊಂಡು ಹೋಗಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಜಿಪ್ಸಿಯದೂ ಇದೇ ಕಥೆಯಲ್ಲವೇ? ಹಾಗಿದ್ದರೆ ಡಸ್ಟರ್ ಆಗಬಹುದೇ?

ಹಿರಿಯೂರಿನ ಗ್ಯಾರೇಜಿನವರು

ಮೇಷ್ಟ್ರು ಈಗ ಕೇಳಿದ್ದು ಸರಿಯಾದ ಪ್ರಶ್ನೆ. ಗಾಡಿಯ ಹೆಸರಿಗಿಂತ ಮೊದಲು ಅದರಲ್ಲಿ ಯಾರು ಕೂರುತ್ತಾರೆ, ಅದು ಎಲ್ಲಿ ಓಡುತ್ತದೆ ಎಂಬುದು ತೀರ್ಮಾನವಾಗಬೇಕು. ಪಕ್ಕಕ್ಕೆ ಮುಖ ಮಾಡಿ ಕುಳಿತವರನ್ನು ಎದುರಿನಿಂದ ಡಿಕ್ಕಿಯಾದಾಗ ಯಾವ ಬೆಲ್ಟೂ ಸರಿಯಾಗಿ ಹಿಡಿಯಲಾರದು. ಆದ್ದರಿಂದ ತಮಗೆ ಜಿಪ್ಸಿಯೂ ಬೇಡ, ಹಳೆಯ ಥಾರೂ ಬೇಡ.

ನಾಲ್ಕು ಚಕ್ರದ ಬಲವಿರುವ ಡಸ್ಟರ್ 2014ರಲ್ಲಿ ಬಂದಿತು. ರಸ್ತೆಯಲ್ಲಿ ಬಹಳ ಸುಖವಾದ ಗಾಡಿ, ಹಸಿ ಹುಲ್ಲಿನ ಮೇಲೆ, ಸಾಧಾರಣ ಕೆಸರಿನಲ್ಲಿ ಚೆನ್ನಾಗಿಯೇ ಹೋಗುತ್ತದೆ. ಆದರೆ ಅದರಲ್ಲಿ ಲೋ ಗೇರಿನ ಪೆಟ್ಟಿಗೆ ಇಲ್ಲ. ಲೋ ಗೇರ್ ಎಂದರೆ ಬರೀ ಹತ್ತುವುದಕ್ಕೆ ಎಂದು ಅನೇಕರು ತಿಳಿದಿರುತ್ತಾರೆ. ನಮ್ಮ ಬಂಡೆಗಳ ಸೀಮೆಯಲ್ಲಿ ಅದು ಹೆಚ್ಚು ಉಪಯೋಗಕ್ಕೆ ಬರುವುದು ಇಳಿಯುವಾಗ. ಫೋರ್ ಲೋ (ನಾಲ್ಕು ಚಕ್ರದ ಬಲ, ಲೋ ಗೇರಿನಲ್ಲಿ) ಹಾಕಿ, ಮೊದಲನೆಯ ಗೇರಿನಲ್ಲಿ, ಬ್ರೇಕು ಕ್ಲಚ್ಚು ಎರಡನ್ನೂ ಮುಟ್ಟದೆ, ಎತ್ತಿನ ಬಂಡಿಯ ವೇಗದಲ್ಲಿ ಗಾಡಿ ತಾನಾಗಿಯೇ ಇಳಿಯಬೇಕು. ಅದಿಲ್ಲದಿದ್ದರೆ ಕ್ಲಚ್ ಪ್ಲೇಟು ಸುಟ್ಟ ವಾಸನೆಯೊಂದಿಗೆ ತಾವು ನನ್ನ ಗ್ಯಾರೇಜಿಗೆ ಬರುತ್ತೀರಿ.

ಉಳಿದದ್ದು ಸ್ಕಾರ್ಪಿಯೊ ಮತ್ತು ಸಫಾರಿಯ ಫೋರ್ ವೀಲ್ ಡ್ರೈವ್ ಮಾದರಿಗಳು. ಎರಡರಲ್ಲಿಯೂ ನಡುವಿನ ಆಸನ ಮುಂದಕ್ಕೆ ಮುಖ ಮಾಡಿದೆ, ಲೋ ಗೇರ್ ಇದೆ, ಬಿಡಿಭಾಗಗಳು ನಮ್ಮ ಊರುಗಳಲ್ಲಿಯೇ ಸಿಗುತ್ತವೆ. ಸಫಾರಿ ಹೆಚ್ಚು ತೂಕದ್ದು. ಆದ್ದರಿಂದ ನನ್ನ ಒಲವು 2.2 ಲೀಟರಿನ ಎಂ-ಹಾಕ್ ಎಂಜಿನ್ನಿನ ಸ್ಕಾರ್ಪಿಯೊ ಕಡೆಗೆ. ಅದೂ ಹಗುರವೇನಲ್ಲ, ದುರ್ಗದ ಜಿಪ್ಸಿಯವರು ಹೇಳಿದ ಹಿನ್ನೀರಿನ ಹಪ್ಪಳ ಅದನ್ನೂ ನುಂಗುತ್ತದೆ. ಮಳೆಯ ನಂತರ ಎರೆ ಹೊಲದ ದಾರಿ ಕಂಡರೆ ಹಿಂತಿರುಗಿ ಬನ್ನಿ, ಕೆಂಪು ಗರಸು ನೆಲ ಕಂಡರೆ ಮುಂದುವರಿಯಿರಿ.

ಈಗ ಪರೀಕ್ಷೆಯ ವಿಷಯ. ನೋಡಲು ಹೋಗುವ ಮೊದಲು ಎಂಜಿನ್ ಚಾಲೂ ಮಾಡಿ ಇಡಬಾರದೆಂದು ಮಾರುವವರಿಗೆ ಹೇಳಿ. ತಣ್ಣಗಿರುವ ಎಂಜಿನ್ ಮೇಲೆ ಕೈಯಿಟ್ಟು ನೋಡಿದ ನಂತರವೇ ಕೀಲಿ ತಿರುಗಿಸಿ. ಚಾಲೂ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದಾಗ ರೈಲಿನ ಹಾಗೆ ಬುಸುಬುಸು ಹೊಗೆ ಬಂದರೆ ಎಂಜಿನ್ ಸವೆದಿದೆ. ಆಮೇಲೆ ಗಾಡಿಯ ಅಡಿಗೆ ಹೋಗಬೇಕು, ಪಂಚೆ ಪ್ಯಾಂಟಿನ ಚಿಂತೆ ಮಾಡಬಾರದು. ಚಾಸಿಯ ಉದ್ದಕ್ಕೂ ಸಣ್ಣ ಸ್ಪ್ಯಾನರಿನಿಂದ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಒಡೆದ ಮಡಕೆಯಂತೆ ಬೊದ್ದಾಗಿ ಶಬ್ದ ಮಾಡುತ್ತದೆ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಇದನ್ನು ಎರಡು ಸಲ ಮಾಡಿ. ಹೊಸದಾಗಿ ಕಪ್ಪು ಬಣ್ಣ ಬಳಿದ ಚಾಸಿಯನ್ನು ಮೂರು ಸಲ ತಟ್ಟಿ.

ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್‌ಗಳ ಆಯಿಲ್ ತುಂಬುವ ಬೋಲ್ಟನ್ನು ಸಡಿಲಿಸಿ ಬೆರಳು ಅದ್ದಿ ನೋಡಿ. ಆಯಿಲು ಹಳೆಯದಾಗಿ ಕಪ್ಪಾಗಿದ್ದರೆ ಚಿಂತೆಯಿಲ್ಲ, ಬದಲಾಯಿಸಿದರೆ ಆಯಿತು. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ. ಬೇರಿಂಗುಗಳು ಯಾವ ಸ್ಥಿತಿಯಲ್ಲಿವೆಯೋ ಬಿಚ್ಚದೆ ಹೇಳಲಾಗದು. ಡಿಫರೆನ್ಷಿಯಲ್ಲಿಗೆ ಬಲ ಒಯ್ಯುವ ಉದ್ದನೆಯ ಪ್ರೊಪೆಲರ್ ಶಾಫ್ಟನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದಾಗ ಕಟಕಟ ಎಂದರೆ ಜಾಯಿಂಟಿನ ಕ್ರಾಸ್ ಹೋಗಿದೆ, ಅದು ದೊಡ್ಡ ಖರ್ಚಲ್ಲ, ಬೆಲೆ ಇಳಿಸಲು ಒಳ್ಳೆಯ ನೆಪ.

ಎಲ್ಲಕ್ಕಿಂತ ಮುಖ್ಯವಾದದ್ದು, ಮುಂದಿನ ಚಕ್ರಗಳಿಗೆ ನಿಜವಾಗಿ ಬಲ ಹೋಗುತ್ತಿದೆಯೇ ಎಂಬುದು. ಸ್ಕಾರ್ಪಿಯೊದಲ್ಲಿ ಗುಂಡಿ ತಿರುಗಿಸಿ ಫೋರ್ ವೀಲ್ ಹಾಕುತ್ತಾರೆ, ಅದನ್ನು ಕಚ್ಚಿಸುವುದು ಒಂದು ಪುಟ್ಟ ಮೋಟಾರು. ವರ್ಷಗಟ್ಟಲೆ ಬಳಸದೆ ಬಿಟ್ಟರೆ ಅಂಥ ಮೋಟಾರುಗಳು ಹಿಡಿದುಕೊಳ್ಳುವುದು ಸಾಮಾನ್ಯ. ಡ್ಯಾಶ್‌ಬೋರ್ಡಿನ ದೀಪವನ್ನು ನಂಬಬೇಡಿ. ಸಮತಟ್ಟಾದ ಮಣ್ಣಿನ ನೆಲದಲ್ಲಿ ಫೋರ್ ಹೈ (ನಾಲ್ಕು ಚಕ್ರದ ಬಲ, ಮಾಮೂಲಿ ಗೇರಿನಲ್ಲಿ) ಹಾಕಿ, ಗಾಡಿಯನ್ನು ನಾಲ್ಕು ಹೆಜ್ಜೆ ಮುಂದೆ ಹಿಂದೆ ಮಾಡಿ ನಿಲ್ಲಿಸಿ. ಆಮೇಲೆಯೇ ಹಿಂದಿನ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು, ಗಾಡಿಯನ್ನು ಗೇರಿನಲ್ಲಿಟ್ಟು ಎಂಜಿನ್ ಬಂದ್ ಮಾಡಿ. ಬಳಿಕ ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕಿಯಿಂದ ಎತ್ತಿ ಕೈಯಿಂದ ತಿರುಗಿಸಿ. ಎರಡು ಬೆರಳಿನಷ್ಟು ಅಲ್ಲಾಡಿ ನಿಂತರೆ ಫೋರ್ ವೀಲ್ ಕಚ್ಚಿದೆ. ಬುಗುರಿಯ ಹಾಗೆ ಸರಾಗವಾಗಿ ತಿರುಗಿದರೆ ಮಾರುವವರಿಗೆ ನಮಸ್ಕಾರ ಹೇಳಿ ಹೊರಡಿ.

ನಾಲ್ಕೂ ಟೈರು ಒಂದೇ ಅಳತೆಯವು, ಹೆಚ್ಚುಕಡಿಮೆ ಒಂದೇ ಸವೆತದವು ಇರಬೇಕು. ಸುತ್ತಳತೆ ಬೇರೆಯಾದರೆ ಫೋರ್ ವೀಲ್ ಹಾಕಿದಾಗಲೆಲ್ಲ ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ನರಳುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2317 ಎಂದಿದ್ದರೆ 2017ರ 23ನೆಯ ವಾರದಲ್ಲಿ ತಯಾರಾದದ್ದು.

ಬೆಂಗಳೂರಿನಲ್ಲಿರುವ ದುರ್ಗದವನು

ಯಂತ್ರದ ಬಗ್ಗೆ ಗ್ಯಾರೇಜಿನ ಅಣ್ಣನವರು ಹೇಳಿದ ಮೇಲೆ ನಾನು ಸೇರಿಸುವಂಥದ್ದಿಲ್ಲ. ಕಾಗದಪತ್ರಗಳ ವಿಷಯದಲ್ಲಿ ಕೈ ಸುಟ್ಟುಕೊಂಡವನಾದ್ದರಿಂದ ಅದನ್ನಷ್ಟೇ ಬರೆಯುತ್ತೇನೆ. ದೆಹಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿಂದ ಅಗ್ಗದ ಗಾಡಿಗಳು ದಕ್ಷಿಣಕ್ಕೆ ಹರಿದುಬರುತ್ತಿವೆ. ಆರು ವರ್ಷಗಳ ಹಿಂದೆ ವ್ಯಾಪಾರಿಯೊಬ್ಬರ ಮಾತು ನಂಬಿ ಅಂಥದೊಂದನ್ನು ಕೊಂಡೆ. ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ ನೋಂದಾಯಿಸಬೇಕಾದರೆ ಅಲ್ಲಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ಬರಬೇಕು, ಇಲ್ಲಿ ಜೀವಾವಧಿ ತೆರಿಗೆಯನ್ನು ಮತ್ತೆ ಕಟ್ಟಬೇಕು. ಉಳಿಯಿತೆಂದುಕೊಂಡ ಹಣವೆಲ್ಲ ಅಲ್ಲಿಗೇ ಹೋಯಿತು, ಐದು ತಿಂಗಳ ಓಡಾಟ ಬೇರೆ.

ಆದ್ದರಿಂದ ಕೆಎ-16 ಅಥವಾ ಕೆಎ-17, ಹೆಚ್ಚೆಂದರೆ ಕರ್ನಾಟಕದ ಯಾವುದಾದರೂ ನೋಂದಣಿಯದನ್ನೇ ನೋಡಿ. ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳಿ. ಸಾಲವಿದ್ದ ಗಾಡಿಯಾದರೆ ನಮೂನೆ 35 ಮತ್ತು ಬ್ಯಾಂಕಿನ ಪತ್ರ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಹದಿನೈದು ವರ್ಷ ತುಂಬಲು ಎಷ್ಟು ಬಾಕಿಯಿದೆ ಎಂದು ಲೆಕ್ಕ ಹಾಕಿ, ಏಕೆಂದರೆ ಆಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕಾಗುತ್ತದೆ. ಎತ್ತರಿಸಿದ ಬಾಡಿ, ದೈತ್ಯ ಟೈರು, ಕಬ್ಬಿಣದ ಬಂಪರ್ ಹಾಕಿದ ಗಾಡಿಯನ್ನು ಕಂಡು ಮರುಳಾಗಬೇಡಿ. ಕಂಪನಿಯ ವಿನ್ಯಾಸಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿಯೇ ಹೇಳಿದೆ.

ಜಗಳೂರು ಸೀಮೆಯ ರೈತ

ಗಾಡಿ ಯಾವುದನ್ನಾದರೂ ಕೊಳ್ಳಿ ಮೇಷ್ಟ್ರೇ, ಒಂದು ಮಾತು ನಡೆಸಿಕೊಡಿ. ಬೆಳೆ ಇಲ್ಲದ ಹೊಲವನ್ನು ಬಯಲು ಎಂದು ತಿಳಿಯಬೇಡಿ. ಕಳೆದ ವರ್ಷ ಮೇ ತಿಂಗಳಲ್ಲಿ, ನಾನು ಹರಗಿ ಹಸನು ಮಾಡಿಟ್ಟಿದ್ದ ಎರೆ ಹೊಲದಲ್ಲಿ ಯಾರೋ ಭಾನುವಾರದ ಶೋಕಿಗೆ ಗಾಡಿ ಸುತ್ತಿಸಿದ್ದರು. ಮಳೆ ಬಿದ್ದು ಬಿತ್ತಿದ ಮೇಲೆ, ಚಕ್ರ ಹಾದ ಕಡೆಯೆಲ್ಲ ಮೆಕ್ಕೆಜೋಳ ಮೇಲೇಳಲೇ ಇಲ್ಲ. ಹೊಲದ ನಡುವೆ ಎರಡು ಗೆರೆ ಬೋಳಾಗಿ ಕಾಣುತ್ತಿದ್ದವು. ಬದು ಒಡೆದದ್ದರಿಂದ ನೀರು ಕೊಚ್ಚಿಕೊಂಡು ಹೋದದ್ದು ಬೇರೆ. ನಮ್ಮ ಕಡೆ ರಂಗಯ್ಯನದುರ್ಗ ಕೊಂಡುಕುರಿಗಳಿಗಾಗಿ ಮೀಸಲಾದ ವನ್ಯಧಾಮ, ಅದರೊಳಗೆ ದಾರಿ ಹುಡುಕುವ ಸಾಹಸವೂ ಬೇಡ.

ಚಿತ್ರದುರ್ಗದ ಜಿಪ್ಸಿಯವರು

ಅಣ್ಣನವರ ಮಾತಿಗೆ ನಾನೂ ದನಿಗೂಡಿಸುತ್ತೇನೆ. ಜೋಗಿಮಟ್ಟಿಯೂ ವನ್ಯಧಾಮವೇ, ಅರಣ್ಯ ಇಲಾಖೆಯ ಗೇಟಿನಲ್ಲಿ ಅನುಮತಿ ಪಡೆದು, ಇರುವ ದಾರಿಯಲ್ಲಿಯೇ ಹೋಗಿ ಬರಬೇಕು. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಹುಲ್ಲುಗಾವಲನ್ನು ಕಂಡಾಗ ಗಾಡಿ ಬಿಡುವ ಆಸೆಯಾಗುತ್ತದೆ, ಬಿಡಬಾರದು. ಹಾಗಾದರೆ ಹೋಗುವುದೆಲ್ಲಿಗೆ ಎಂದರೆ ಊರಿಂದೂರಿಗೆ ಹೋಗುವ ಬಂಡಿದಾರಿಗಳು ಬೇಕಾದಷ್ಟಿವೆ. ಗೊತ್ತಾಗದಿದ್ದರೆ ಅಲ್ಲಿಯೇ ಇರುವ ಕುರಿಗಾಹಿಯನ್ನು ಕೇಳಿ. ಮುಂದಿನ ಹಳ್ಳದಲ್ಲಿ ನೀರೆಷ್ಟಿದೆ, ಮರಳು ಎಲ್ಲಿ ಸಡಿಲ ಎಂಬುದನ್ನು ಅವನಷ್ಟು ಸರಿಯಾಗಿ ಯಾವ ಮೊಬೈಲ್ ನಕ್ಷೆಯೂ ಹೇಳಲಾರದು.

ದಾವಣಗೆರೆಯ ಮೇಷ್ಟ್ರು (ಐದು ವಾರಗಳ ನಂತರ)

ತಮ್ಮೆಲ್ಲರ ಸಲಹೆಯಂತೆ ಮೂರು ಗಾಡಿ ನೋಡಿದೆ. ಮೊದಲನೆಯದನ್ನು ಪಿ.ಬಿ. ರಸ್ತೆಯ ಬದಿಯಲ್ಲಿ ನಿಲ್ಲಿಸಿದ್ದರು, ಹಿಂಬದಿಯಲ್ಲಿ ‘4×4’ ಎಂಬ ಹೊಳೆಯುವ ಅಕ್ಷರಗಳಿದ್ದವು. ಬಗ್ಗಿ ನೋಡಿದರೆ ಮುಂದಿನ ಡಿಫರೆನ್ಷಿಯಲ್ಲೇ ಇರಲಿಲ್ಲ, ಮುಂದಕ್ಕೆ ಹೋಗುವ ಶಾಫ್ಟೂ ಇರಲಿಲ್ಲ. ಕೇಳಿದಾಗ ಮಾರುವವರು, ಸ್ಟಿಕರ್ ಹಿಂದಿನ ಮಾಲೀಕರದು ಎಂದು ಗಂಭೀರವಾಗಿ ಉತ್ತರಿಸಿದರು. ಎರಡನೆಯದರ ಹೊರಮೈ ಕನ್ನಡಿಯಂತಿತ್ತು, ಹಿಂದಿನ ಡಿಫರೆನ್ಷಿಯಲ್‌ಗೆ ಬೆರಳು ಅದ್ದಿದರೆ ಬಂದದ್ದು ಸಾಕ್ಷಾತ್ ಕಾಫಿ. ಬೆರಳನ್ನು ಮಾಲೀಕರಿಗೆ ತೋರಿಸಿದೆ. ಇಬ್ಬರೂ ಏನೂ ಮಾತನಾಡಲಿಲ್ಲ.

ಮೂರನೆಯದು ಕೆಎ-16 ನೋಂದಣಿಯ, 2013ರ ಸ್ಕಾರ್ಪಿಯೊ ಫೋರ್ ವೀಲ್ ಡ್ರೈವ್, ಎರಡನೆಯ ಮಾಲೀಕರದು. ಬಣ್ಣ ಮಾಸಿದೆ, ಬಾಗಿಲಿಗೆ ಗೀರುಗಳಿವೆ, ಚಾಸಿ ಠಣ್ ಎನ್ನುತ್ತದೆ. ಜಾಕಿ ಹಾಕಿ ತಿರುಗಿಸಿದಾಗ ಚಕ್ರ ಮೊದಲ ಸಲ ಸರಾಗವಾಗಿ ತಿರುಗಿಬಿಟ್ಟಿತು. ನಿರಾಸೆಯಿಂದ ಹಿರಿಯೂರಿಗೆ ಫೋನು ಮಾಡಿದೆ. ಕಲ್ಲು ತೆಗೆದು, ಗುಂಡಿಯನ್ನು ಹತ್ತು ಸಲ ಅತ್ತಿತ್ತ ತಿರುಗಿಸಿ, ಮಣ್ಣಿನಲ್ಲಿ ಎಂಟು ಹತ್ತು ಮಾರು ಓಡಿಸಿ ಮತ್ತೆ ನೋಡಿ ಎಂದರು. ಆಗ ಅಡಿಯಲ್ಲೆಲ್ಲೋ ‘ಟಕ್’ ಎಂದಿತು, ಎತ್ತಿದ ಚಕ್ರ ಎರಡು ಬೆರಳು ಅಲ್ಲಾಡಿ ನಿಂತಿತು. ಮೋಟಾರು ಮತ್ತು ಮುಂದಿನ ಆಕ್ಸಲ್‌ನ ಜಾಯಿಂಟಿನ ಗ್ರೀಸನ್ನು ಮುಚ್ಚಿಡುವ, ಈಗ ಹರಿದಿರುವ ರಬ್ಬರ್ ಬೂಟಿನ ನೆಪದಲ್ಲಿ ಚೌಕಾಸಿ ಮಾಡಿ ₹5.40 ಲಕ್ಷಕ್ಕೆ ಒಪ್ಪಿಸಿದೆ. ಉಳಿದ ಹಣದಲ್ಲಿ ಟೈರು, ಎಲ್ಲ ಆಯಿಲುಗಳು ಮತ್ತು ಬೂಟು ಆಗಬೇಕು. ಮಡದಿ ಒಂದು ಸುತ್ತು ಕುಳಿತು ನೋಡಿ, “ಇದರ ಆಯಿಲ್ ಚೇಂಬರ್ ಎಲ್ಲಿದೆ, ಮೊದಲು ಅದನ್ನು ತೋರಿಸಿ” ಎಂದಳು.

ಹೊಳಲ್ಕೆರೆಯ ತೋಟದವರು

ಅಭಿನಂದನೆಗಳು. ಥಾರ್ ಅಲ್ಲದಿದ್ದರೂ ಕ್ಷಮಿಸಿದ್ದೇನೆ. ಟೈರು ಕೊಳ್ಳುವಾಗ ಎಲ್ಲ ಬಗೆಯ ನೆಲಕ್ಕಾಗುವ ಆಲ್ ಟೆರೇನ್ ಸಾಕು. ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟೈರು ಹೆದ್ದಾರಿಯಲ್ಲಿ ಗಿರಣಿಯಂತೆ ಸದ್ದು ಮಾಡುತ್ತದೆ, ನಮ್ಮ ಎರೆಯಲ್ಲಿ ಅದೂ ರೊಟ್ಟಿಯಾಗುತ್ತದೆ.

ಹಿರಿಯೂರಿನ ಗ್ಯಾರೇಜಿನವರು

ಬೂಟು ಬದಲಾಯಿಸುವವರೆಗೆ ಮಣ್ಣಿಗೆ ಇಳಿಸಬೇಡಿ. ಗ್ರೀಸಿಗೆ ಮರಳು ಸೇರಿದರೆ ಜಾಯಿಂಟೇ ಹೋಗುತ್ತದೆ. ತಿಂಗಳಿಗೊಮ್ಮೆಯಾದರೂ ಮಣ್ಣಿನ ನೆಲದಲ್ಲಿ ಫೋರ್ ಹೈ, ಫೋರ್ ಲೋ ಎರಡನ್ನೂ ಹಾಕಿ ಒಂದಷ್ಟು ದೂರ ಓಡಿಸಿ, ಮೋಟಾರು ಮತ್ತೆ ಹಿಡಿದುಕೊಳ್ಳುವುದಿಲ್ಲ. ಒಣ ಡಾಂಬರಿನ ಮೇಲೆ ಮಾತ್ರ ಎಂದಿಗೂ ಹಾಕಬೇಡಿ. ಗಾಡಿ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸುತ್ತಬೇಕು. ಮಣ್ಣಿನಲ್ಲಾದರೆ ಟೈರು ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಡಾಂಬರಿನಲ್ಲಿ ಅದನ್ನು ಗೇರುಗಳೇ ತಡೆದುಕೊಳ್ಳಬೇಕಾಗುತ್ತದೆ.

ಚಿತ್ರದುರ್ಗದ ಜಿಪ್ಸಿಯವರು

ಬೂಟು, ಟೈರು ಮುಗಿದ ಮೇಲಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಆಡುಮಲ್ಲೇಶ್ವರದ ಬಳಿ ಸಿಗೋಣ. ಒಂಟಿ ಗಾಡಿಯಲ್ಲಿ ಹೋಗುವುದು ಬೇಡ. ಗಾಳಿ ತುಂಬುವ ಪಂಪು ನನ್ನಲ್ಲಿದೆ. ಮರಳಿನ ಹಳ್ಳ ಬಂದಾಗ ಟೈರಿನ ಗಾಳಿಯ ಒತ್ತಡವನ್ನು 20 ಪಿಎಸ್‌ಐಗೆ ಇಳಿಸಿ, ದಾಟಿದ ಮೇಲೆ ತುಂಬಿಕೊಂಡರೆ ಆಯಿತು. ಎಳೆಯುವ ಹಗ್ಗ ತಮ್ಮದಿರಲಿ. ನನ್ನದು ಒಂದು ಟನ್ನಿನ ಗಾಡಿ, ತಮ್ಮದು ಹೂತರೆ ಎಳೆಯಲು ನನ್ನಿಂದಾಗದು. ಆದ್ದರಿಂದ ದಾರಿಯಲ್ಲಿ ಟ್ರ್ಯಾಕ್ಟರ್ ಇರುವ ಹಳ್ಳಿಗಳನ್ನು ಮೊದಲೇ ಗುರುತು ಹಾಕಿಟ್ಟುಕೊಂಡಿದ್ದೇನೆ.